ಬೆಲ್ಟು ಬಾಯಿಬಿಟ್ಟಿತು

ಆಸ್ಪತ್ರೆಯಿಂದ ಮನೆಗೆ ಬಂದವರೇ ದರ್ಜಿ ಮಹಾಶಯರು ಸೋಫಾದಲ್ಲಿ ಗತ್ತಾಗಿ ಕೂತು ಘೋಷಿಸಿಬಿಟ್ಟರು: ಇನ್ನು ಮೇಲೆ ತಮ್ಮ ಬೆನ್ನಿನ ವಿಷಯದಲ್ಲಿ ಹೆಂಡತಿ ತಲೆ ಹಾಕುವಂತಿಲ್ಲ! ಮೆರೆಯುವುದಕ್ಕೆ ಕಾರಣವೂ ಇತ್ತು. ವರ್ಷಗಟ್ಟಲೆ ಪ್ರಾಣ ಹಿಂಡಿದ ನೋವಿಗೆ ಡಾಕ್ಟರು ಕೊನೆಗೂ ಮದ್ದು ಅರೆದಿದ್ದರು. ಬೆನ್ನುಹುರಿಯ ಪಕ್ಕ ಒಂದು ಸಣ್ಣ ತಂತಿ, ಸೊಂಟದ ಹತ್ತಿರ ಚರ್ಮದೊಳಗೆ ಬೆಂಕಿಪೊಟ್ಟಣದಷ್ಟು ಯಂತ್ರ. ಅದು ನರಕ್ಕೆ ಕರೆಂಟಿನ ಕಚಗುಳಿ ಇಟ್ಟರೆ ನೋವು ಅರ್ಧ ದಾರಿಯಲ್ಲೇ ಸೊರಗುತ್ತದೆ.

ಷರತ್ತು ಒಂದೇ. ತಂತಿ ಗಟ್ಟಿಯಾಗಿ ಕೂರುವವರೆಗೆ ಬಗ್ಗಬಾರದು, ಭಾರ ಎತ್ತಬಾರದು. ತಂತಿ ಜರುಗಿದರೆ ಮತ್ತೆ ಆಪರೇಷನ್, ಅಲ್ಲಿಯವರೆಗೆ ಮತ್ತದೇ ನೋವು.

ಇಷ್ಟೆಲ್ಲ ತಲೆಯಾಡಿಸಿ ಕೇಳಿದ ಮಹಾಶಯರು, ಹೆಂಡತಿ ಅಕ್ಕನ ಮನೆಗೆ ಹೋದದ್ದೇ ತಡ, ಹೊಲಿಗೆ ಯಂತ್ರವನ್ನು ಎತ್ತಿ ಕಿಟಕಿಯ ಬೆಳಕಿಗೆ ಇಟ್ಟರು. ಬೆನ್ನು ಚಕಾರವೆತ್ತಲಿಲ್ಲ. ಆ ಹುರುಪಿನಲ್ಲಿ ಬೀರುವನ್ನೂ ಎತ್ತಿಬಿಡುತ್ತಿದ್ದರೋ ಏನೋ!

ಸಂಜೆ ಸೊಂಟದೊಳಗಿನ ಯಂತ್ರವನ್ನು ಚಾರ್ಜ್ ಮಾಡುವ ಹೊತ್ತು. ಸೊಂಟಕ್ಕೆ ಬೆಲ್ಟು ಬಿಗಿದು, ಅದರ ಬಿಲ್ಲೆ ಒಳಗಿನ ಯಂತ್ರದ ನೇರಕ್ಕೆ ಬರುವಂತೆ ಅಲ್ಲಾಡದೆ ಕೂರಬೇಕು. ಬಿಲ್ಲೆ ಸರಿದರೆ ಅದು ಕೂಗುತ್ತದೆ. ಮಹಾಶಯರು ಹೀಗೆ ವಿಗ್ರಹದಂತೆ ಕೂತಿರುವಾಗಲೇ ಹೆಂಡತಿ ಬಂದಳು, ಕಿಟಕಿಯತ್ತ ನೋಡಿದಳು.

"ಮಿಷನ್ ಯಾರ್ರೀ ಅಲ್ಲಿಟ್ಟಿದ್ದು?"

"ಪಕ್ಕದ ಅಂಗಡಿಯವನು," ಎಂದು ಮಹಾಶಯರು ಕೊಂಚ ಸರಿದು ಕೂತರು. ಬೀಪ್!

"ನೀವು ಕೈ ಹಾಕ್ಲಿಲ್ವಾ?"

"ಒರೆಸಿದೆ, ಅಷ್ಟೇ." ಬೀಪ್, ಬೀಪ್!

ಆಮೇಲೆ ಆಕೆ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಸುಮ್ಮನೆ ದಿಟ್ಟಿಸಿದಳು. ಬೆಲ್ಟು ಮಾತ್ರ ಬಿಡದೆ ಬಾಯಿ ಬಡಿದುಕೊಂಡಿತು. ಮಹಾಶಯರು ಶರಣಾಗಿ ಎಲ್ಲ ಒಪ್ಪಿಕೊಂಡರು.

ಆಕೆಯ ಮುಖ ಬಿಳುಚಿತು. ಅವರು ನರಳಿದ್ದನ್ನೆಲ್ಲ ಪಕ್ಕದಲ್ಲೇ ಕೂತು ನೋಡಿದವಳು, ಮತ್ತೆ ಅದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿದಳು. ಕಚಗುಳಿ ಮೊದಲಿದ್ದ ಜಾಗದಲ್ಲೇ ಇದೆಯೇ ಎಂದು ನರ್ಸ್ ಕೇಳಿದರು. ಇದೆ ಎಂದರು ಮಹಾಶಯರು. ಈ ಸಲ ಬೆಲ್ಟು ತೆಪ್ಪಗಿತ್ತು. ಹಾಗಾದರೆ ತಂತಿ ಜರುಗಿರಲಾರದು, ಆದರೂ ಬೆಳಿಗ್ಗೆ ಬಂದು ತೋರಿಸಿ ಎಂದರು ನರ್ಸ್.

ಹೋದ ಜೀವ ಬಂದ ಮೇಲೆ ಮಹಾಶಯರಿಗೆ ರೋಷವೂ ಬಂತು. "ಈ ದರಿದ್ರ ಬೆಲ್ಟು ನನ್ನ ಮಾನ ಕಳೀತು. ಇಲ್ದಿದ್ರೆ ನಿಂಗೆ ಗೊತ್ತೇ ಆಗ್ತಿರ್ಲಿಲ್ಲ."

ಹೆಂಡತಿ ಬಿಲ್ಲೆಯನ್ನು ಸರಿಯಾದ ಜಾಗಕ್ಕೆ ಒತ್ತಿ ಕೂರಿಸಿದಳು.

"ಅದನ್ಯಾಕೆ ಬೈತೀರಿ? ಮದುವೆಯಾದಾಗಿಂದ ಸುಳ್ಳು ಹೇಳುವಾಗೆಲ್ಲ ನೀವು ಹೀಗೇ ಸರಿದು ಕೂರ್ತೀರಿ. ನಾನು ನೋಡಿ ಸುಮ್ನಿರ್ತಿದ್ದೆ. ಅದಕ್ಕೆ ಸುಮ್ನಿರೋಕೆ ಬರಲ್ಲ, ಅಷ್ಟೇ."