ಟೇಬಲ್ ಫ್ಯಾನಿನ ಗಾಳಿ ಯಾರಿಗೆ?

ನಮ್ಮ ಮನೆಯಲ್ಲಿರುವುದು ಒಂದೇ ಟೇಬಲ್ ಫ್ಯಾನ್. ಅದರ ಗಾಳಿ ನನಗಲ್ಲ, ನನ್ನ ಹೆಂಡತಿಯ ಮುದಿ ಲ್ಯಾಪ್‌ಟಾಪಿಗೆ. (ಕಟ್ಟಿಕೊಂಡ ಗಂಡ ಬೆವರಿದರೆ ಒರೆಸಿಕೊಳ್ಳುತ್ತಾನೆ, ಅದು ಕಾದರೆ ಸುಟ್ಟೇ ಹೋಗುತ್ತದಂತೆ.)

ಅವಳು ಬೀಜ ಸಂಶೋಧನಾಲಯದಲ್ಲಿ ಸಂಖ್ಯಾಶಾಸ್ತ್ರಜ್ಞೆ. ಟೊಮೇಟೊ ಕೊಳೆಯದಂತೆ ಕಾಯುವ ಜೀನ್ ಯಾವುದೆಂದು ಇಪ್ಪತ್ತು ಸಾವಿರ ಜೀನ್‌ಗಳನ್ನು ಪರೀಕ್ಷಿಸಬೇಕು. ಅಷ್ಟು ಮಂದಿಯನ್ನು ವಿಚಾರಿಸಿದರೆ ಬರೀ ಅದೃಷ್ಟದಿಂದಲೇ ಕೆಲವರು ಗೆದ್ದಂತೆ ಕಾಣುತ್ತಾರೆ. ಅದಕ್ಕೇ ಒಂದೊಂದರ ಅಂಕಿಗಳನ್ನೂ ಇಸ್ಪೀಟಿನ ಎಲೆಯಂತೆ ಲಕ್ಷ ಸಲ ಕಲೆಸಿ ನೋಡಬೇಕಂತೆ; ಅಷ್ಟರಲ್ಲೂ ಅಂಥ ಗೆಲುವು ಅದೃಷ್ಟಕ್ಕೆ ಮತ್ತೆ ಬಾರದಿದ್ದರೆ ಮಾತ್ರ ಆ ಜೀನ್ ಪಾಸಂತೆ. ಕಚೇರಿಯ ದೊಡ್ಡ ಕಂಪ್ಯೂಟರ್ ದೊಡ್ಡವರ ಪಾಲು. ಹಾಗಾಗಿ ಮನೆಯ ಯಂತ್ರಕ್ಕೆ ಕೆಲಸ ಹಚ್ಚಿ, ತರಬೇತಿ ಕೊಡಲು ಅವಳು ದೂರದ ಊರಿಗೆ ಹೋದಳು.

"ಲ್ಯಾಪ್‌ಟಾಪಲ್ಲಿ ಪರೀಕ್ಷೆ ಮುಗಿದ ತಕ್ಷಣ ರಜೆ ಹಾಕಿ ಬರ್ತೀನಿ ರೀ."

ಪ್ರತಿ ಸಂಜೆ ಫೋನ್.

"ಬಿಸಿ ಆಗಿದ್ಯಾ?"

"ಸ್ವಲ್ಪ ಮೈ ಬೆಚ್ಚಗಿದೆ ಕಣೇ..."

"ನೀವಲ್ಲ ರೀ, ಲ್ಯಾಪ್‌ಟಾಪು!"

ಅವಳ ಬೈಗುಳವಿಲ್ಲದೆ ನನಗೆ ಅನ್ನ ರುಚಿಸುತ್ತಿರಲಿಲ್ಲ. ಯಂತ್ರವೋ ಆಮೆಯ ಅಣ್ಣ. ಒಂದು ದಿನ ನನಗೆ ಜ್ಞಾನೋದಯವಾಯಿತು. ಕಲೆಸುವ ಲೆಕ್ಕ ಪರದೆಯ ಮೇಲೇ ಇತ್ತು: ಒಂದು ಲಕ್ಷ. ಮೂರು ಸೊನ್ನೆ ಅಳಿಸಿ ಮತ್ತೆ ಓಡಿಸಿದೆ. (ಸೊನ್ನೆಗೆ ಬೆಲೆಯಿಲ್ಲ ಎಂದು ಶಾಲೆಯಲ್ಲೇ ಕಲಿತಿದ್ದೆನಲ್ಲ!) ಸಂಜೆಯೊಳಗೆ ಪರೀಕ್ಷೆ ಮುಕ್ತಾಯ. ಫೋನಿನಲ್ಲಿ ಸಿಹಿಸುದ್ದಿ ಕೊಟ್ಟೆ.

ಮರುದಿನವೇ ಬಂದಿಳಿದಳು. ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ ನನ್ನನ್ನು ದಾಟಿ ಲ್ಯಾಪ್‌ಟಾಪಿನ ಮುಂದೆ ಕುಳಿತಳು.

"ಒಂದು ಜೀನೂ ಪಾಸಾಗಿಲ್ಲ! ಏನ್ರೀ ಮಾಡಿದ್ರಿ?"

ಹೇಳಿದೆ.

"ನೂರೇ ಸಲ ಕಲೆಸಿದ್ರೆ ನಿಜ ಯಾವುದು, ಅದೃಷ್ಟ ಯಾವುದು ಅಂತ ಹೇಗ್ರೀ ಗೊತ್ತಾಗತ್ತೆ? ಇಷ್ಟು ದಿನದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು!"

"ನೀನು ಬೇಗ ಬರ್ಲಿ ಅಂತ..."

ಅವಳ ಮುಖ ಒಂದು ಕ್ಷಣ ಮೆತ್ತಗಾಯಿತು. ಒಂದೇ ಕ್ಷಣ. ಸಂಜೆಯ ಬಸ್ಸಿಗೆ ಲ್ಯಾಪ್‌ಟಾಪನ್ನೂ ಕಂಕುಳಲ್ಲಿ ಇರುಕಿಕೊಂಡು ಮತ್ತೆ ತರಬೇತಿಯ ಊರಿಗೆ ಹೊರಟಳು.

"ಫ್ಯಾನ್ ನಿಮಗೇ ಇರ್ಲಿ."

ಈಗ ಗಾಳಿಯೆಲ್ಲ ನನ್ನದೇ. ಆದರೆ ಸಂಜೆ ಫೋನ್ ಬರುವುದಿಲ್ಲ. ವಿಚಾರಿಸಿಕೊಳ್ಳಲು ಇಲ್ಲಿ ಲ್ಯಾಪ್‌ಟಾಪೇ ಇಲ್ಲವಲ್ಲ! ತಡೆಯಲಾರದೆ ನಿನ್ನೆ ನಾನೇ ಮಾಡಿದೆ.

"ಫ್ಯಾನು ಬಿಸಿ ಆಗ್ತಿದೆ ಕಣೇ."

"ಅದಕ್ಕೆ?"

"ಅದಕ್ಕೇನಿಲ್ಲ. ನೀನಿಲ್ದೆ ನಂಗೆ ಇರಕ್ಕಾಗ್ತಿಲ್ಲ."

"ಒಂದ್ಸಲ ಹೇಳಿದ್ದು ಆಕಸ್ಮಿಕ ಇರಬಹುದು," ಎಂದಳು. "ಲಕ್ಷ ಸಲ ಹೇಳಿ, ಆಮೇಲೆ ನಂಬ್ತೀನಿ. ಸೊನ್ನೆ ಮಾತ್ರ ಅಳಿಸಬೇಡಿ."