ಹೊರಗೆ ನಿಂತವಳಿಂದ ಮುಂಬಾಗಿಲಿಗೆ ಒಂದು ಅರಿಕೆ

ಮಾನ್ಯ ಮುಂಬಾಗಿಲಿನವರೇ,

ಹೊಸಪೇಟೆಯಿಂದ ಟಿ.ಬಿ. ಡ್ಯಾಂ ಕಡೆಗೆ ಹೋಗುವ ರಸ್ತೆಯ ಹೊಸ ಬಡಾವಣೆಯಲ್ಲಿ ಪೂರ್ವಾಭಿಮುಖವಾಗಿ ಬಿಜಯಂಗೈದಿರುವ ತಮ್ಮ ಸನ್ನಿಧಾನಕ್ಕೆ, ತಮ್ಮ ಬೆನ್ನ ಹಿಂದೆಯೇ ವಾಸವಾಗಿರುವ ಭೀಮಾಬಾಯಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಹೆಂಗಸರು ಸಾಷ್ಟಾಂಗ ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ತಮ್ಮ ಕ್ಯಾಮೆರಾ ಅಷ್ಟು ಕೆಳಗೆ ನೋಡುವುದಿಲ್ಲವೆಂಬ ಧೈರ್ಯದಿಂದ ಬರೆದಿದ್ದೇನೆ. ತಾವು ಕ್ಷೇಮವೆಂದೂ ಬ್ಯಾಟರಿ ತುಂಬಿಕೊಂಡಿದ್ದೀರೆಂದೂ ನಂಬಿದ್ದೇನೆ. ಎಮ್ಮಿಗನೂರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದ ನನಗೆ ಪತ್ರ ಬರೆಯುವುದರಲ್ಲಿ ಹತ್ತಕ್ಕೆ ಎಂಟು ಅಂಕ ಬರುತ್ತಿದ್ದವು; ಆ ಉಳಿದ ಎರಡು ಅಂಕದ ತಪ್ಪುಗಳು ಇಲ್ಲಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಇದನ್ನು ಬಹಿರಂಗ ಪತ್ರ ಮಾಡಿ ತಮ್ಮ ಹೊರಮೈಗೇ ಅಂಟಿಸುತ್ತಿರುವುದಕ್ಕೆ ಕಾರಣವಿದೆ. ಒಳಮೈಗೆ ಅಂಟಿಸಿದರೆ ಒಳಗಿದ್ದವರು ಮಾತ್ರ ಓದಬಹುದು, ನಾನೋ ಈಚೆಗೆ ಹೆಚ್ಚಾಗಿ ಹೊರಗೇ ಇರುತ್ತೇನೆ.

ಮೊದಲಿಗೆ ತಮ್ಮ ಹುಟ್ಟಿನ ಕಥೆ ಹೇಳಬೇಕು, ಏಕೆಂದರೆ ಅದರಲ್ಲಿ ತಪ್ಪು ತಮ್ಮದಲ್ಲ. ಮೂರು ವರ್ಷದ ಕೆಳಗೆ ಮನೆ ಕಟ್ಟಿಕೊಡುವ ಕಂಪನಿಯವರು ಹೊಸಪೇಟೆಯಲ್ಲಿ ಒಂದು ಪೆಂಡಾಲು ಹಾಕಿ, ಬಂದವರಿಗೆಲ್ಲ ಒಂದು ಫಾರಂ ಕೊಟ್ಟು, ನಾಳೆಯ ಮನೆಯಿಂದ ನಿಮಗೆ ನಿಜವಾಗಿ ಏನು ಬೇಕು ಎಂದು ಕೇಳಿದ್ದರು. ಕಾಲುವೆ ಆಫೀಸಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಶೀನಪ್ಪನವರು ಬಿಸಿಲಿನಿಂದ ಕರೆಂಟು ಬೇಕೆಂದು ಬರೆದರು. ಸಂಡೂರಿನ ಬ್ಯಾಂಕಿನಲ್ಲಿರುವ ಮಗಳು ಅರ್ಚಿತಾ ತನಗೊಂದು ಕೋಣೆ, ಅದಕ್ಕೆ ಒಳಗಿನಿಂದ ಚಿಲಕ, ಆ ಚಿಲಕವನ್ನು ಅಮ್ಮ ತಟ್ಟಬಾರದು ಎಂದು ಬರೆದಳು. ನಾನು ಮಾತ್ರ ಅರ್ಧ ಗಂಟೆ ಯೋಚಿಸಿ, ಪೆನ್ನಿಗೆ ನೀರು ಚಿಮುಕಿಸಿ, ದುಂಡಗೆ ಹೀಗೆ ಬರೆದೆ: ಯಾರೂ ಮುಟ್ಟದ ಬಾಗಿಲು ಬೇಕು, ಅದು ನಮ್ಮವರಿಗೆ ಮಾತ್ರ ತೆರೆಯಬೇಕು. ಬಿಸಿಲಿನ ಕರೆಂಟು ಇವತ್ತಿಗೂ ಬಂದಿಲ್ಲ, ಚಿಲಕ ಸಡಿಲವಾಗಿದೆ. ನನ್ನ ಕೋರಿಕೆಯೊಂದೇ ಅಕ್ಷರ ಬಿಡದೆ ನೆರವೇರಿತು.

ಮುಖ ತೋರಿಸಿದರೆ ಸಾಕು, ಹಿಡಿಕೆ ಮುಟ್ಟದೆ ತೆರೆದುಕೊಳ್ಳುವ ಬೀಗವೆಂದು ತಮ್ಮನ್ನು ತಂದು ಕೂಡಿಸಿದ ದಿನ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಮದುವೆಯಾದಾಗಿನಿಂದ ಮಡಿಯುಟ್ಟು ಮೊಣಕೈಯಿಂದ ಬಾಗಿಲು ದಬ್ಬಿ ದಬ್ಬಿ ನನ್ನ ಬಲಗೈ ಮೊಣಕೈ ಕಪ್ಪಾಗಿದೆ. ತಮ್ಮನ್ನು ರೂಪಿಸಿದ ಎಂಜಿನಿಯರು ಹಿಂದಿನ ಜನ್ಮದಲ್ಲಿ ಯಾವುದೋ ಮಠದ ಅಡುಗೆಯವರೇ ಇದ್ದಿರಬೇಕೆಂದು ನಾನು ನಂಬಿದ್ದೆ, ಬಂದ ನೆಂಟರಿಗೂ ನಂಬಿಸಿದ್ದೆ. ಆ ಉತ್ಸಾಹದಲ್ಲೇ ಅಂಗಳದ ನಲ್ಲಿಗೂ ಹೋಗಿಬರುವವರು ಕೈ ಹಾಕಬಾರದೆಂದು ಒಳಗಿನಿಂದ ಮೊಬೈಲಿನಲ್ಲಿ ಒತ್ತಿದರೆ ಮಾತ್ರ ನೀರು ಬರುವ ಏರ್ಪಾಡು ಮಾಡಿಸಿದೆ.

ತಾವು ಐದು ಮುಖಗಳನ್ನು ಮಾತ್ರ ನೆನಪಿಡುತ್ತೀರಂತೆ. ಯಜಮಾನರದು, ಮಗಳದು, ನನ್ನದು, ವರ್ಷಕ್ಕೆರಡು ಸಲ ಶ್ರಾದ್ಧಕ್ಕೆ ಬರುವ ಕಂಪ್ಲಿಯ ಮೈದುನ ಮಧ್ವೇಶನದು ಎಂದು ನಾಲ್ಕಾದವು. ಐದನೆಯ ಜಾಗವನ್ನು ಹಂಪಿಯ ಯಂತ್ರೋದ್ಧಾರಕ ಪ್ರಾಣದೇವರಿಗೆ ಕೊಡೋಣವೆಂದು ಪಟವನ್ನು ತಮ್ಮೆದುರು ಹಿಡಿದು ನಿಂತೆ. ತಾವು ಕಣ್ಣು ಮಿಟುಕಿಸಿ ಎಂದು ಅಪ್ಪಣೆ ಕೊಟ್ಟಿರಿ. ದೇವತೆಗಳು ರೆಪ್ಪೆ ಬಡಿಯುವುದಿಲ್ಲವೆಂದು ನಾನು ಪುರಾಣದಲ್ಲಿ ಕೇಳಿದ್ದೇನೆ, ತಾವು ಕೇಳಿಲ್ಲ. ಜೀವಂತ ಮುಖವಲ್ಲ ಎಂದು ಪ್ರಾಣದೇವರನ್ನೇ ವಾಪಸು ಕಳಿಸಿದ ತಮ್ಮ ನಿಷ್ಠೆಯನ್ನು ಕಂಡು, ಇಷ್ಟು ಕಟ್ಟುನಿಟ್ಟಿನ ಬಾಗಿಲು ಊರಲ್ಲೇ ಇಲ್ಲವೆಂದು ಬೀಗಿದೆ. ಐದನೆಯ ಜಾಗ ಎರಡು ವರ್ಷ ಖಾಲಿ ಉಳಿಯಿತು.

ಈಗ ಸುಂಕಮ್ಮನ ವಿಷಯ. ಡ್ಯಾಂ ಕ್ವಾರ್ಟರ್ಸಿನಲ್ಲಿದ್ದಾಗಿನಿಂದ, ಅಂದರೆ ಹದಿನೆಂಟು ವರ್ಷದಿಂದ, ನಮ್ಮ ಪಾತ್ರೆ ತಿಕ್ಕಿ ಅಂಗಳ ಗುಡಿಸುವವಳು ಅವಳು. ತಿಕ್ಕುವುದೆಲ್ಲ ಹೊರಗೆ, ತಿಕ್ಕಿದ ಪಾತ್ರೆಗೆ ನಾನು ನೀರು ಹಾಕಿ ಒಳಗೆ ತೆಗೆದುಕೊಳ್ಳುವುದು. ಅವಳ ಕಾಫಿ ಲೋಟ ಕಾಂಪೌಂಡಿನ ಗೂಡಿನಲ್ಲಿರುತ್ತದೆ, ಅದಕ್ಕೆ ನಾನು ಮೇಲಿನಿಂದ ಸುರಿಯುತ್ತೇನೆ. ಮನೆ ಕಟ್ಟಿ ಉಳಿದ ಚಪ್ಪಡಿಯೊಂದು ಗೇಟಿನ ಪಕ್ಕ ಬಿದ್ದಿತ್ತು, ಅದೇ ಅವಳ ಕೂರುವ ಜಾಗ. ದಿನಕ್ಕೊಮ್ಮೆ ಸ್ವಲ್ಪ ದೂರ ನಿಲ್ಲು ಸುಂಕಮ್ಮ ಎಂದರೂ ಹದಿನೆಂಟು ವರ್ಷಕ್ಕೆ ಎಷ್ಟಾಯಿತೆಂದು ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ.

ಕಳೆದ ಮಾರ್ಗಶಿರದಲ್ಲಿ ಒಂದು ಅಲ್ಪ ದ್ವಾದಶಿ ಬಿತ್ತು. ಏಕಾದಶಿಯ ದಿನ ಹನಿ ನೀರೂ ಇಲ್ಲದೆ ಉಪವಾಸವಿದ್ದವರು ಮರುದಿನ ದ್ವಾದಶಿ ಮುಗಿಯುವುದರೊಳಗೆ ಪಾರಣೆ ಮಾಡದಿದ್ದರೆ ಉಪವಾಸ ವ್ಯರ್ಥ, ಮತ್ತು ಅಂದು ದ್ವಾದಶಿ ಇದ್ದದ್ದು ಬೆಳಿಗ್ಗೆ ಏಳು ಇಪ್ಪತ್ತೊಂದರವರೆಗೆ ಮಾತ್ರ. ಯಜಮಾನರು ಹಿಂದಿನ ದಿನವೇ ಕಂಪ್ಲಿಗೆ ಹೋಗಿದ್ದರು, ಮಗಳು ಸಂಡೂರಿನಲ್ಲಿದ್ದಳು. ನಾನು ಅಗಸೆ ಸೊಪ್ಪಿನ ಪಲ್ಯ ಇಳಿಸಿ, ಒದ್ದೆ ಮಡಿಯಲ್ಲಿ, ತಲೆಗೆ ಪಂಚೆ ಸುತ್ತಿಕೊಂಡು, ಹಣೆಗೆ ಇನ್ನೂ ಕುಂಕುಮವಿಡದೆ, ತುಳಸಿಗೆ ನೀರು ಹಾಕಿ, ದಶಮಿಯಂದೇ ಕೊಯ್ದು ಕಟ್ಟೆಯ ಮೇಲಿಟ್ಟಿದ್ದ ಎರಡು ದಳ ತರಲು ಅಂಗಳಕ್ಕೆ ಬಂದೆ. ಚೊಂಬಿನ ನೀರನ್ನೆಲ್ಲ ಕಟ್ಟೆಗೆ ಹಾಕಿ ತಿರುಗುವಷ್ಟರಲ್ಲಿ ತಾವು ತಮ್ಮಷ್ಟಕ್ಕೆ ತಾವೇ ಮುಚ್ಚಿಕೊಂಡಿದ್ದಿರಿ.

ನಾನು ಮುಖ ತೋರಿಸಿದೆ. ಗುರುತು ಸಿಗಲಿಲ್ಲ ಎಂದಿರಿ. ಇನ್ನಷ್ಟು ಮುಂದೆ ಬಂದು ತೋರಿಸಿದೆ. ಆಗ ತಾವು ಆ ಹೆಣ್ಣುದನಿಯಲ್ಲಿ, ಎಷ್ಟು ಮರ್ಯಾದೆಯಿಂದ, ದಯವಿಟ್ಟು ಸ್ವಲ್ಪ ದೂರ ನಿಂತುಕೊಳ್ಳಿ ಎಂದಿರಿ. ಆ ಮಾತು ಎಲ್ಲೋ ಕೇಳಿದಂತಿದೆಯಲ್ಲ ಎನಿಸಿತು, ಯಾರದ್ದೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹಿತ್ತಲ ಬಾಗಿಲಿಗೆ ಒಳಚಿಲಕ. ಬೀಗದ ಕೈ ಒಳಗಿನ ಮೊಳೆಯಲ್ಲಿ. ಮಡಿಯಲ್ಲಿ ಮುಟ್ಟಬಾರದ ಮೊಬೈಲು ದೇವರ ಕೋಣೆಯಿಂದ ದೂರ, ಸೋಫಾದ ಮೇಲೆ. ಒಂದು ಗುಟುಕು ನೀರಾದರೂ ಕುಡಿದು ಪಾರಣೆ ಮುಗಿಸೋಣವೆಂದರೆ ಅಂಗಳದ ನಲ್ಲಿ ಆ ಮೊಬೈಲಿನ ಅಪ್ಪಣೆಗಾಗಿ ಕಾಯುತ್ತಿತ್ತು. ಎಲ್ಲವೂ ನಾನೇ ಕೇಳಿ ಹಾಕಿಸಿಕೊಂಡದ್ದು, ಒಂದನ್ನೂ ಬೇರೆಯವರ ಮೇಲೆ ಹೊರಿಸುವಂತಿರಲಿಲ್ಲ.

ಏಳು ಗಂಟೆ ದಾಟುವಾಗ ಸುಂಕಮ್ಮ ಬಂದಳು. ವಾಡಿಕೆಯಂತೆ ಎರಡು ಮಾರು ದೂರ ನಿಂತು, ನನ್ನನ್ನೊಮ್ಮೆ ತಮ್ಮನ್ನೊಮ್ಮೆ ನೋಡಿದಳು.

"ನಿಮ್ ಬಾಗ್ಲು ನಿಮಗಿಂತ ಭಾಳ ಮಡಿ ಐತಲ್ರಿ ಅಮ್ಮಾರ," ಎಂದಳು. ಆಮೇಲೆ ನಾನು ನಡುಗುವುದನ್ನು ನೋಡಿ, "ಆ ಕಲ್ಲಿನ ಮ್ಯಾಲ ಕುಂದ್ರಿ. ಮುಂಜಾನೆ ತಣ್ಣಗ ಇರ್ತೈತಿ, ಸೆರಗು ಮಡಚಿ ಹಾಕ್ಕೊಂಡು ಕುಂದ್ರಿ," ಎಂದಳು.

ಎರಡು ವರ್ಷ ಅವಳು ಅಲ್ಲಿ ಹೇಗೆ ಕೂರುತ್ತಿದ್ದಳೆಂದು ನಾನು ನೋಡಿರಲಿಲ್ಲ. ಸೆರಗು ಮಡಚಿ ಹಾಕಿಕೊಂಡೇ ಕೂತೆ. ಆ ಜಾಗದಿಂದ ತಾವು ಎಷ್ಟು ಎತ್ತರ ಕಾಣುತ್ತೀರಿ ಎಂಬುದನ್ನು ತಮಗೆ ತಿಳಿಸಬೇಕು. ಯಾರ ನಂಬರೂ ನನಗೆ ಬಾಯಿಗೆ ಬರುವುದಿಲ್ಲವಾದ್ದರಿಂದ ಅವಳ ಫೋನು ಗಡಿಯಾರವಾಗಿ ಮಾತ್ರ ಉಪಯೋಗಕ್ಕೆ ಬಂತು. ಏಳು ಹದಿನೈದು ಎಂದಳು, ಏಳು ಹದಿನೇಳು ಎಂದಳು. ಅವಳ ಚೀಲದಲ್ಲಿ ನೀರಿನ ಬಾಟಲಿ ಇತ್ತು. ಅವಳು ಕೊಡಲಿಲ್ಲ. ಕೊಡಬಾರದೆಂದು ಹದಿನೆಂಟು ವರ್ಷ ಕಲಿಸಿದವಳು ನಾನೇ ಆದ್ದರಿಂದ ಕೇಳಬೇಕಾದವಳೂ ನಾನೇ ಆದೆ. ವ್ರತ ಕೆಡಬೇಕೋ ಮಡಿ ಕೆಡಬೇಕೋ ಎಂದು ತೀರ್ಮಾನಿಸಲು ನನಗೆ ಪಂಡಿತರಿಲ್ಲ, ಪಂಚಾಂಗವಿಲ್ಲ, ಮೂರು ನಿಮಿಷವಿತ್ತು. ಅವಳ ಕೇರಿಯ ನಲ್ಲಿಯಲ್ಲಿ ಬರುವುದೂ ತುಂಗಭದ್ರೆಯೇ, ನನ್ನ ಕೊಡದಲ್ಲಿರುವುದೂ ತುಂಗಭದ್ರೆಯೇ ಎಂದು ಮನಸ್ಸಿಗೆ ಹೇಳಿಕೊಂಡು ಬೊಗಸೆ ಒಡ್ಡಿದೆ. ನಾನು ಅವಳಿಗೆ ಕಾಫಿ ಸುರಿಯುವಷ್ಟೇ ಎತ್ತರದಿಂದ ಅವಳು ನನಗೆ ನೀರು ಸುರಿದಳು, ಒಂದು ಹನಿ ಚೆಲ್ಲಲಿಲ್ಲ. ತುಳಸಿ ಹಾಕಿಕೊಂಡು ಕೃಷ್ಣಾರ್ಪಣವೆಂದು ಕುಡಿದೆ.

ಕೆಟ್ಟದ್ದು ಹೇಗೂ ಕೆಟ್ಟಿತಲ್ಲ ಎಂದು ಅವಳು ಹತ್ತಿರ ಬಂದು, ನನ್ನ ತಲೆಯ ಪಂಚೆ ಬಿಚ್ಚಿ, ಕೂದಲು ಹಿಂದೆ ಕಟ್ಟಿ, ತುಳಸಿಕಟ್ಟೆಯ ಕುಂಕುಮ ತೆಗೆದು ಹಣೆಗೆ ಅಗಲವಾಗಿ ಇಟ್ಟಳು. ಅವಳ ಬೆರಳು ಅಷ್ಟು ಒರಟಾಗಿರುವುದು ನಮ್ಮ ಪಾತ್ರೆಗಳಿಂದಲೇ ಇರಬೇಕು. ಎದ್ದು ತಮ್ಮೆದುರು ನಿಂತೆ. ಸ್ವಾಗತ ಭೀಮಾಬಾಯಿ ಅವರೇ ಎಂದು ಕೂಡಲೇ ತೆರೆದುಕೊಂಡಿರಿ. ಮಡಿಯಲ್ಲಿದ್ದಾಗ ಯಾರೋ ಎಂದವರು, ಮೈಲಿಗೆಯಾದ ಮೇಲೆ ಹೆಸರು ಹಿಡಿದು ಕರೆದಿರಿ. ಒಳಗೆ ಹೋಗಿ ನಾನು ಮತ್ತೆ ಸ್ನಾನ ಮಾಡಿದೆನೆಂಬುದನ್ನೂ ಬರೆದುಬಿಡುತ್ತೇನೆ. ಐವತ್ತು ವರ್ಷದ ಮೈ, ತಮ್ಮ ಹಾಗೆ ಗುಂಡಿ ಒತ್ತಿ ಹೊಸದಾಗಿ ಕಲಿಸಲು ಬರುವುದಿಲ್ಲ.

ಆದ್ದರಿಂದ ನನ್ನ ಕೋರಿಕೆಗಳು ಹೀಗಿವೆ. ತಾವು ಒದ್ದೆ ತಲೆಯ, ಬೋಳು ಹಣೆಯ, ಹಸಿದ ಭೀಮಾಬಾಯಿಯನ್ನೂ ಗುರುತಿಸಲು ಕಲಿಯಬೇಕು, ಆಗದಿದ್ದರೆ ಅವಳು ಬೇರೆಯವಳೇ ಎಂದು ಲಿಖಿತವಾಗಿ ತಿಳಿಸಬೇಕು. ಕಂಪನಿಯವರ ಬಳಿ ನನ್ನ ಫಾರಂ ಇನ್ನೂ ಇದ್ದರೆ, ಅದರಲ್ಲಿ ನಮ್ಮವರಿಗೆ ಮಾತ್ರ ಎಂದು ಬರೆದ ಎರಡನೆಯ ಸಾಲನ್ನು ಹೊಡೆದುಹಾಕಿಸಬೇಕು. ಮತ್ತು ಖಾಲಿ ಇದ್ದ ಐದನೆಯ ಜಾಗಕ್ಕೆ ಮೊನ್ನೆ ನಾನು ಕರೆತಂದು ನಿಲ್ಲಿಸಿದ ಮುಖವನ್ನು ಸದಾ ನೆನಪಿನಲ್ಲಿಡಬೇಕು. ಅಂದು ತಾವು ಇನ್ನೂ ಹತ್ತಿರ ಬನ್ನಿ, ಇನ್ನೂ ಹತ್ತಿರ ಬನ್ನಿ ಎಂದು ಮೂರು ಸಲ ಕರೆದರೂ ಸುಂಕಮ್ಮ ಹೆಜ್ಜೆ ಇಡದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಆ ಮಾತಿನ ಅಭ್ಯಾಸವಿಲ್ಲ, ತಾಳ್ಮೆಯಿಂದ ಕಾದದ್ದಕ್ಕೆ ಉಪಕೃತಳು.

ಗುರುತು ಸಿಕ್ಕ ದಿನಗಳಲ್ಲಿ,
ತಮ್ಮ ವಿಶ್ವಾಸಿ,
ಭೀಮಾಬಾಯಿ ಶೀನಪ್ಪ

ತಾ.ಕ.: ನಿನ್ನೆ ದ್ವಾದಶಿಯಂದು ನಾನು ಮತ್ತೆ ಅದೇ ರೀತಿ ಹೊರಗುಳಿದದ್ದು ತಮಗೆ ಗೊತ್ತೇ ಇದೆ. ಸುಂಕಮ್ಮ ಬಂದು ಮುಖ ತೋರಿಸಿದಳು. ನಾನೂ ಆತುರದಿಂದ ಪಕ್ಕಕ್ಕೆ ಹೋಗಿ ನಿಂತೆ. "ಒಂದೀಟು ದೂರ ನಿಲ್ರಿ ಅಮ್ಮಾರ, ಎರಡು ಮುಖ ಕಂಡ್ರ ಇದಕ್ಕ ತಿಳಿಯಂಗಿಲ್ಲ," ಎಂದಳು. ನಿಂತೆ. ಸ್ವಾಗತ ಸುಂಕಮ್ಮ ಅವರೇ ಎಂದು ತಾವು ತೆರೆದಿರಿ. ಅವಳು ಒಳಗೆ ಹೋದ ಮೇಲೆ, ಅವಳ ಹಿಂದೆ ನಾನೂ ನನ್ನ ಮನೆಗೆ ಹೋದೆ.