ಪಾಪೆ ಅಳತೆಯ ಪರಿಷ್ಕೃತ ಆದೇಶ

ಸೇನಾ ವಿಷವೈದ್ಯ ಶಾಲೆಯಲ್ಲಿ ಕಳೆದ ಹನ್ನೊಂದು ವರ್ಷಗಳಿಂದ ಒಂದೇ ಒಂದು ಹನಿ ವಿಷ ಸೋರಿಲ್ಲ ಎಂಬುದು ದಾಖಲೆಯಲ್ಲಿರುವ ಸಂಗತಿ. ಪ್ರತಿ ತಿಂಗಳ ಮೊದಲ ತಾರೀಖು ಹಿಂದಿನ ತಿಂಗಳ ದಾಖಲೆ ನೋಡಿಕೊಂಡೇ ಹೊಸದನ್ನು ಬರೆಯುತ್ತಿದ್ದುದರಿಂದ ಅದರಲ್ಲಿ ತಪ್ಪು ನುಸುಳಲು ದಾರಿಯೇ ಇರಲಿಲ್ಲ. ಹನ್ನೆರಡನೆಯ ವರ್ಷವೂ ಹೀಗೇ ಕಳೆದರೆ ಶಾಲೆಯ ಮುಖ್ಯಸ್ಥರಾದ ದೊಡ್ಡ ಸಾಹೇಬರಿಗೆ ಬಡ್ತಿ. ಅದಕ್ಕಿನ್ನೂ ಎರಡು ತಿಂಗಳು ಬಾಕಿಯಿತ್ತು.

ಯುದ್ಧದಲ್ಲಿ ಶತ್ರು ವಿಷಾನಿಲ ಬಿಟ್ಟರೆ ಸೈನಿಕರನ್ನು ಉಳಿಸಿಕೊಳ್ಳುವುದು ಹೇಗೆಂದು ಸೇನೆಯ ವೈದ್ಯರಿಗೆ ಕಲಿಸುವುದು ಶಾಲೆಯ ಕೆಲಸ. ಕಲಿಸಲು ಸ್ವಲ್ಪ ವಿಷವೂ ಬೇಕಲ್ಲ, ಅದಕ್ಕೆ ನೆಲಮಾಳಿಗೆಯ ಉಗ್ರಾಣದಲ್ಲಿ ಮೂರು ಪೀಪಾಯಿ ಇಟ್ಟಿದ್ದರು. ನರಕ್ಕೆ ಹತ್ತುವ ವಿಷ ಅದು. ಆವಿ ತಗುಲಿದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮೂಗು ಸೋರುತ್ತದೆ, ಎದೆ ಬಿಗಿಯುತ್ತದೆ. ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಆದ್ದರಿಂದ ಪ್ರತಿ ಸೋಮವಾರ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಎಲ್ಲರ ಪಾಪೆ ಅಳೆಯುವ ಪದ್ಧತಿಯಿತ್ತು. ಸಣ್ಣದರಿಂದ ದೊಡ್ಡದಕ್ಕೆ ಕಪ್ಪು ಚುಕ್ಕೆಗಳನ್ನು ಅಚ್ಚು ಹಾಕಿದ ರಟ್ಟಿನ ಪಟ್ಟಿಯೊಂದನ್ನು ಕಣ್ಣಿನ ಪಕ್ಕ ಹಿಡಿದು, ಯಾವ ಚುಕ್ಕೆಗೆ ಹೊಂದುತ್ತದೋ ಆ ಸಂಖ್ಯೆ ಬರೆಯುವುದು. ಮೂರೋ ನಾಲ್ಕೋ ಇದ್ದರೆ ಸರಿ. ಎರಡಕ್ಕಿಂತ ಕೆಳಗಿಳಿದರೆ ಅಪಾಯ. ಅಳೆಯುವ ಕೆಲಸ ಡಾಕ್ಟರಮ್ಮನದು.

ಒಂದು ಸೋಮವಾರ ಉಗ್ರಾಣ ನೋಡಿಕೊಳ್ಳುವ ಬೀಗದಣ್ಣನ ಕಣ್ಣಿಗೆ ಪಟ್ಟಿ ಹಿಡಿದ ಡಾಕ್ಟರಮ್ಮ ಮತ್ತೊಮ್ಮೆ ಹಿಡಿದು ನೋಡಿದರು. ಪಾಪೆ ಸಾಸಿವೆ ಕಾಳಿನಷ್ಟಿತ್ತು. ಅಳತೆ ಒಂದು.

"ಮೂಗು ಯಾವಾಗಿಂದ ಸೋರ್ತಿದೆ?"

"ಗುರುವಾರದಿಂದ, ಡಾಕ್ಟರಮ್ಮ. ಉಗ್ರಾಣದಲ್ಲಿ ಬೆಳಕೂ ಸಾಲ್ತಿಲ್ಲ. ಎರಡು ಸಲ ಬಲ್ಬ್ ಬದಲಾಯಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಈಗಿನ ಬಲ್ಬುಗಳ ಹಣೆಬರಹವೇ ಇಷ್ಟು."

ಡಾಕ್ಟರಮ್ಮ ಮುಖವಾಡ ಹಾಕಿಕೊಂಡು ಕೆಳಗಿಳಿದು, ವಿಷ ಪತ್ತೆ ಮಾಡುವ ಬಿಳಿ ಕಾಗದವನ್ನು ಮೂರನೇ ಪೀಪಾಯಿಯ ಬುಡಕ್ಕೆ ಒತ್ತಿದರು. ಕಾಗದ ಕೆಂಪಾಯಿತು. ಅದನ್ನು ಗಾಜಿನ ಡಬ್ಬಿಯಲ್ಲಿಟ್ಟು ಮುಚ್ಚಿಕೊಂಡು ನೇರ ದೊಡ್ಡ ಸಾಹೇಬರ ಕೋಣೆಗೆ ಹೋದರು.

"ಸಾರ್, ಮೂರನೇ ಪೀಪಾಯಿ ಸೋರ್ತಿದೆ. ಬೀಗದಣ್ಣನಿಗೆ ಈಗಲೇ ಪ್ರತಿವಿಷ ಕೊಡಬೇಕು. ತಡ ಮಾಡಿದ್ರೆ ಜೀವಕ್ಕೇ ಸಂಚಕಾರ."

"ಧಾರಾಳವಾಗಿ ಕೊಡಿ. ಬೇಡ ಅಂದವರ್ಯಾರು? ಅರ್ಜಿ ತುಂಬಿ."

ಪ್ರತಿವಿಷದ ಅರ್ಜಿಯ ಏಳನೇ ಅಂಕಣದಲ್ಲಿ, ದಾಳಿ ಮಾಡಿದ ಶತ್ರುವಿನ ಹೆಸರು ಬರೆಯಬೇಕಿತ್ತು. ಡಾಕ್ಟರಮ್ಮ "ಮೂರನೇ ಪೀಪಾಯಿ" ಎಂದು ಬರೆದರು. ಗುಮಾಸ್ತ ಅರ್ಧ ಗಂಟೆಯೊಳಗೆ ಷರಾ ಹಾಕಿ ವಾಪಸು ಕಳಿಸಿದ: "ಸದರಿ ಪೀಪಾಯಿಯು ಹದಿನಾಲ್ಕು ವರ್ಷಗಳಿಂದ ಈ ಶಾಲೆಯಲ್ಲಿ ನಿಷ್ಠೆಯಿಂದ ಸೇವೆ ಸಲ್ಲಿಸುತ್ತಿದ್ದು, ಅದರ ವಿರುದ್ಧ ಈ ಹಿಂದೆ ಯಾವುದೇ ದೂರು ಇರುವುದಿಲ್ಲ. ಆದ್ದರಿಂದ ಅದನ್ನು ಶತ್ರುವೆಂದು ಪರಿಗಣಿಸಲು ಬರುವುದಿಲ್ಲ."

ಡಾಕ್ಟರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಸಿಟ್ಟು ಮಾಡಿಕೊಳ್ಳುತ್ತ ಕೂತರೆ ಬೀಗದಣ್ಣ ಉಳಿಯುವುದಿಲ್ಲ. ಪ್ರತಿವಿಷ ಸಿಗದಿದ್ದರೆ ಆ ಆವಿಯಿಂದಾದರೂ ಅವನನ್ನು ದೂರ ಇಡಬೇಕಿತ್ತು. ಕಾಯಿಲೆಯ ಹೆಸರು ನೆಗಡಿ ಎಂದು ಬರೆದುಕೊಟ್ಟರೆ ಎಷ್ಟು ದಿನ ಬೇಕಾದರೂ ರಜೆ ಕೊಡುವುದಾಗಿ ದೊಡ್ಡ ಸಾಹೇಬರು ಉದಾರವಾಗಿ ಒಪ್ಪಿದರು. ಹೀಗೆ ಬೀಗದಣ್ಣನಿಗೆ ಎರಡು ತಿಂಗಳ ನೆಗಡಿ ಮಂಜೂರಾಯಿತು.

ಕರೆದುಕೊಂಡು ಹೋಗಲು ಅವನ ಹೆಂಡತಿ ಬಂದಳು. ಗಂಡನ ಕೈ ಗಟ್ಟಿಯಾಗಿ ಹಿಡಿದುಕೊಂಡೇ ಡಾಕ್ಟರಮ್ಮನ ಕಡೆ ತಿರುಗಿದಳು.

"ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಒಂದು ದಿನ ಕೆಮ್ಮಿದವರಲ್ಲ. ಏನಾಗಿದೆ ಅಂತ ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಇವರು ಇನ್ನು ಆ ಕೋಣೆಗೆ ಕಾಲಿಡಬಾರದು. ಮಾತು ಕೊಡಿ."

"ಆಯ್ತು ಅಕ್ಕ, ಮಾತು ಕೊಟ್ಟಿದ್ದೀನಿ," ಎಂದರು ಡಾಕ್ಟರಮ್ಮ. ಮನಃಪೂರ್ವಕವಾಗಿಯೇ ಅಂದರು.

ಮುಂದಿನ ಆರು ವಾರಗಳಲ್ಲಿ ಆವಿ ಯಾರ ಅನುಮತಿಯನ್ನೂ ಪಡೆಯದೆ ಮೆಟ್ಟಿಲು ಹತ್ತಿತು. ಮೊದಲು ಅಡುಗೆಯವರ ಪಾಪೆ ಒಂದಕ್ಕೆ ಇಳಿಯಿತು, ಆಮೇಲೆ ಗುಮಾಸ್ತನದು, ಪಾಠ ಹೇಳುವವರದು, ಕೇಳುವವರದು, ಡಾಕ್ಟರಮ್ಮನದೂ. ಸಭೆಗಳಲ್ಲಿ ಎಲ್ಲರೂ ಒಟ್ಟಿಗೆ ಮೂಗೊರೆಸಿಕೊಳ್ಳುತ್ತಿದ್ದರು. ಹಗಲು ಹೊತ್ತಿನಲ್ಲೇ ದೀಪ ಹಾಕಿದರೂ ಕಡತಗಳು ಕಾಣುತ್ತಿರಲಿಲ್ಲ, ಆದರೂ ಕಡತಗಳು ಮೊದಲಿನ ವೇಗದಲ್ಲೇ ಮುಂದೆ ಹೋಗುತ್ತಿದ್ದವು. ಕೊನೆಗೆ ದೊಡ್ಡ ಸಾಹೇಬರದೂ ಒಂದಾದಾಗ ತಜ್ಞರ ಸಮಿತಿ ರಚನೆಯಾಗಿ, ಎರಡೇ ದಿನದಲ್ಲಿ ಸುತ್ತೋಲೆಯ ಕರಡು ಹೊರಬಂತು.

"ಶಾಲೆಯ ನೂರಾ ಹದಿನಾರು ಸಿಬ್ಬಂದಿಯಲ್ಲಿ, ರಜೆಯ ಮೇಲಿರುವ ಒಬ್ಬರನ್ನು ಹೊರತುಪಡಿಸಿ, ನೂರಾ ಹದಿನೈದು ಮಂದಿಯ ಪಾಪೆಯ ಅಳತೆ ಒಂದು ಎಂದು ಕಂಡುಬಂದಿರುತ್ತದೆ. ಹೆಚ್ಚು ಜನರಿಗೆ ಇರುವುದೇ ಆರೋಗ್ಯ. ಆದಕಾರಣ ಇನ್ನು ಮುಂದೆ ಒಂದನ್ನು ಸಹಜವೆಂದೂ, ಅದಕ್ಕಿಂತ ಹೆಚ್ಚಿನದನ್ನು ರೋಗವೆಂದೂ ತಿಳಿಯತಕ್ಕದ್ದು. ಪತ್ತೆ ಕಾಗದವು ಬಣ್ಣ ಬದಲಿಸಿ ಸಿಬ್ಬಂದಿಯಲ್ಲಿ ಗಾಬರಿ ಹುಟ್ಟಿಸುತ್ತಿರುವ ಕಾರಣ, ಇನ್ನು ಮುಂದೆ ಕೆಂಪು ಬಣ್ಣದ ಕಾಗದವನ್ನೇ ತರಿಸತಕ್ಕದ್ದು."

ಸುತ್ತೋಲೆಗೆ ವೈದ್ಯರ ಸಹಿ ಬೇಕಿತ್ತು. ಡಾಕ್ಟರಮ್ಮ ಪೆನ್ನು ಮುಟ್ಟಲಿಲ್ಲ.

"ನೋಡಮ್ಮ, ಆ ಪೀಪಾಯಿ ಸಾಗಹಾಕಬೇಕು ಅಂತ ನೀವು ಕೊಟ್ಟ ಕಾಗದ ನನ್ನ ಮೇಜಿನ ಮೇಲೇ ಇದೆ," ಎಂದರು ದೊಡ್ಡ ಸಾಹೇಬರು, ಮೂಗೊರೆಸಿಕೊಳ್ಳುತ್ತ. "ನೀವು ಇದಕ್ಕೆ ಸಹಿ ಮಾಡಿ, ನಾನು ಅದನ್ನ ಇವತ್ತೇ ಮೇಲಕ್ಕೆ ಕಳಿಸ್ತೀನಿ. ಅಲ್ಲಿಗೆ ಸರಿಹೋಯ್ತಲ್ಲ?"

ಪೀಪಾಯಿಯೇ ಹೋದಮೇಲೆ ಸುತ್ತೋಲೆ ಏನಾದರೂ ಹೇಳಿಕೊಳ್ಳಲಿ ಎಂದು ಡಾಕ್ಟರಮ್ಮ ಸಹಿ ಮಾಡಿದರು. ದೊಡ್ಡ ಸಾಹೇಬರು ಕೊಟ್ಟ ಮಾತಿಗೆ ತಪ್ಪುವವರಲ್ಲ, ಕಾಗದ ಅಂದೇ ಮೇಲಕ್ಕೆ ಹೋಯಿತು. ಅದಕ್ಕೆ ಬಂದ ಉತ್ತರ: "ಲಗತ್ತಿಸಿದ ಸುತ್ತೋಲೆಯನ್ನು ಪರಿಶೀಲಿಸಲಾಗಿ, ಸಿಬ್ಬಂದಿಯ ಆರೋಗ್ಯ ಸಹಜವಾಗಿದೆಯೆಂದು ತಾವೇ ಸಹಿ ಮಾಡಿರುವುದರಿಂದ ಪೀಪಾಯಿಯನ್ನು ಸ್ಥಳಾಂತರಿಸುವ ಅಗತ್ಯ ಕಂಡುಬರುವುದಿಲ್ಲ." ಡಾಕ್ಟರಮ್ಮ ತಲೆಯ ಮೇಲೆ ಕೈಹೊತ್ತು ಕೂತರು. ದೊಡ್ಡ ಸಾಹೇಬರಿಗೆ ಬಡ್ತಿ ಬಂತು. ಎಲ್ಲರೂ ಹಾರ ಹಾಕಿದರು, ಕಣ್ಣು ಮಂಜಾಗಿ ಎರಡು ಹಾರ ಗುಮಾಸ್ತನ ಕೊರಳಿಗೂ ಬಿದ್ದವು.

ಇಷ್ಟರಲ್ಲಿ ರಜೆ ಮುಗಿದು ಬೀಗದಣ್ಣ ಬಂದ. ಮೂಗು ಒಣಗಿತ್ತು, ಉಸಿರು ಹಗುರಾಗಿತ್ತು, ಮುಖದಲ್ಲಿ ಕಳೆ ಬಂದಿತ್ತು. ಹಾಜರಿಯಲ್ಲಿ ಪಟ್ಟಿ ಹಿಡಿದರೆ ಪಾಪೆ ನಾಲ್ಕು.

"ಅಯ್ಯೋ ಪಾಪ," ಎಂದ ಗುಮಾಸ್ತ, ಒಂದು ಹೆಜ್ಜೆ ಹಿಂದೆ ಸರಿದು. "ಎಷ್ಟು ಚೆನ್ನಾಗಿದ್ದ ಮನುಷ್ಯ!"

ನಿಯಮ ಸ್ಪಷ್ಟವಾಗಿತ್ತು. ರೋಗಿಯನ್ನು ಮನೆಗೆ ಕಳಿಸುವಂತಿಲ್ಲ. ಗುಣವಾಗುವವರೆಗೆ ಬೆಳಿಗ್ಗೆ ಮೂರು ಗಂಟೆ, ಮಧ್ಯಾಹ್ನ ಮೂರು ಗಂಟೆ ಅವನನ್ನು ಉಗ್ರಾಣದಲ್ಲಿ ಕೂರಿಸತಕ್ಕದ್ದು. ಡಾಕ್ಟರಮ್ಮ ಆಗುವುದಿಲ್ಲವೆಂದು ಕೂಗಾಡಿದರು. ಆಗ ಗುಮಾಸ್ತ ಅವರ ಕಣ್ಣಿನ ಮುಂದೆ ಸುತ್ತೋಲೆಯ ಮೇಲಿದ್ದ ಅವರದೇ ಸಹಿ ಹಿಡಿದ. ಅವರಿಗೆ ಅದು ಕಾಣಿಸಲಿಲ್ಲ, ಆದರೂ ತಮ್ಮದೇ ಎಂದು ನಾಚಿಕೆಯಿಂದ ಒಪ್ಪಿಕೊಂಡರು.

"ಬೇಜಾರು ಮಾಡ್ಕೋಬೇಡಿ ಡಾಕ್ಟರಮ್ಮ," ಎಂದು ಬೀಗದಣ್ಣನೇ ಸಮಾಧಾನ ಹೇಳಿದ. "ಕಾಯಿಲೆ ಅಂದಮೇಲೆ ಔಷಧಿ ತಗೋಬೇಕಲ್ಲ." ಹಾಗೆಂದು ಮೆಟ್ಟಿಲಿಳಿದು ಹೋಗಿ ಕುರ್ಚಿಯಲ್ಲಿ ಕೂತ.

ಮೂರನೆಯ ದಿನ ಅವನ ಹೆಂಡತಿ ಬಂದಳು. ಬಾಗಿಲಿನಲ್ಲೇ ಕಾವಲುಗಾರ ಅವಳ ಕಣ್ಣಿಗೆ ಪಟ್ಟಿ ಹಿಡಿದು, ನಾಲ್ಕೆಂದು ಕಂಡು, ಅಂಟುಜಾಡ್ಯವೆಂದು ಒಳಗೆ ಬಿಡಲಿಲ್ಲ. ಡಾಕ್ಟರಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

"ನೀವು ಮಾತು ಕೊಟ್ಟಿದ್ರಿ," ಎಂದಳು ಅವಳು.

"ಕೊಟ್ಟಿದ್ದೆ, ಅಕ್ಕ."

ಅವಳು ಬೈಯುತ್ತಾಳೆಂದು ಡಾಕ್ಟರಮ್ಮ ಕಾದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅವರಿಗೆ ಈಗ ಹೇಗಿದೆ?"

"ಎರಡಕ್ಕೆ ಇಳಿದಿದೆ. ಉಸಿರಾಡೋಕೆ ಸ್ವಲ್ಪ ಕಷ್ಟ."

"ಅಂದ್ರೆ ಗುಣವಾಗ್ತಿದೆ," ಎಂದಳು ಹೆಂಡತಿ, ನಿಧಾನವಾಗಿ. ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆ ಮನೆಗೆ ಬಂದು ನನ್ನಿಂದ ಮತ್ತೆ ಅಂಟಿಸಿಕೊಂಡ್ರೆ ಏನು ಗತಿ? ನನಗೂ ಒಂದು ಚೀಟಿ ಬರ್ಕೊಡಿ. ಅವರ ಜೊತೆಗೇ ಕೂತ್ಕೋತೀನಿ."

ಡಾಕ್ಟರಮ್ಮ ಚೀಟಿ ಬರೆದರು. ಸಹಿ ಎಲ್ಲಿ ಹಾಕಬೇಕೆಂದು ಅವರಿಗೆ ಕಾಣದಿದ್ದಾಗ, ಅವಳೇ ಅವರ ಬೆರಳು ಹಿಡಿದು ಜಾಗ ತೋರಿಸಿದಳು. ಅಂದು ಮಧ್ಯಾಹ್ನವೇ ಮೂರನೇ ಪೀಪಾಯಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಲಾಯಿತು.